ವಿಂಡೋಸ್ ಒಳಗಿನ ಲಿನಕ್ಸ್: ಮಳೆ ಲೆಕ್ಕಕ್ಕೆ ಇಟ್ಟುಕೊಂಡು ನಾಲ್ಕು ವರ್ಷ

ಮೂಡಿಗೆರೆ ಕಡೆಯ ಕಾಫಿ ತೋಟದ ಮನೆಗಳಲ್ಲಿ ಮಳೆ ಬರೆದಿಡುವ ಡೈರಿ ಹೊಸದೇನಲ್ಲ. ನಮ್ಮಲ್ಲಿ ಅಪ್ಪ 1988ರಿಂದ ಬರೆದಿದ್ದಾರೆ, ಇಂಚು-ಸೆಂಟ್ಸ್ ಲೆಕ್ಕದಲ್ಲಿ (ನೂರು ಸೆಂಟ್ಸ್‌ಗೆ ಒಂದು ಇಂಚು). ಅದನ್ನೆಲ್ಲ ಕಂಪ್ಯೂಟರಿಗೆ ಹಾಕಿ, ಯಾವ ವರ್ಷ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಯಾವ ವಾರ ಬಿತ್ತು ಅಂತ ನೋಡುವ ಚಟ ನನಗೆ ಹತ್ತಿದ್ದು 2021ರ ಕೊನೆಗೆ. ಲೆಕ್ಕಕ್ಕೆ ಬಳಸುವ ಪ್ರೋಗ್ರಾಮಿಂಗ್ ಭಾಷೆ ಪೈಥಾನ್ ವಿಂಡೋಸ್‌ನಲ್ಲೂ ಓಡುತ್ತೆ, ನಿಜ. ಆದರೆ ಹಾಸನದಲ್ಲಿ ಓದುವಾಗ ಲ್ಯಾಬಿನಲ್ಲಿ ನನ್ನ ಕೈಗೆ ಕೂತಿದ್ದು ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್‌ನ ಕಮಾಂಡ್ ಸಾಧನಗಳು: ಗ್ರೆಪ್, ಆಕ್, ಬ್ಯಾಶ್. ಅವಿಲ್ಲದೆ ಕೆಲಸ ಮಾಡೋದು ಎಡಗೈಯಲ್ಲಿ ಉಂಡ ಹಾಗೆ.

ಇರೋದು ಒಂದೇ ಲ್ಯಾಪ್‌ಟಾಪ್. ತೋಟದ ಲೆಕ್ಕ ಟ್ಯಾಲಿಯಲ್ಲಿ, ಅಪ್ಪನ ಪತ್ರಗಳು ನುಡಿ ತಂತ್ರಾಂಶದಲ್ಲಿ. ವಿಂಡೋಸ್ ತೆಗೆಯುವ ಮಾತೇ ಇಲ್ಲ. ಹಿಂದೊಮ್ಮೆ ಡ್ಯುಯಲ್ ಬೂಟ್ ಮಾಡಿದ್ದೆ, ಅಂದರೆ ಎರಡನ್ನೂ ಹಾಕಿ ಆನ್ ಮಾಡುವಾಗ ಒಂದನ್ನು ಆರಿಸೋದು. ಆನ್ ಮಾಡಿದ ತಕ್ಷಣ ಬರುವ ಕಪ್ಪು ಪರದೆ ನೋಡಿ ಅಮ್ಮ "ಇದು ಕೆಟ್ಟೋಗಿದೆ ಕಣೋ" ಅಂತ ಮುಚ್ಚಿಡುತ್ತಿದ್ದರು. ಹಾಗಾಗಿ ಡಬ್ಲ್ಯುಎಸ್‌ಎಲ್, ಅಂದರೆ ವಿಂಡೋಸ್ ಒಳಗೇ ಓಡುವ ಲಿನಕ್ಸ್.

ಹಾಕಿಕೊಳ್ಳೋದು ಒಂದು ಸಾಲಿನ ಕಮಾಂಡ್. ಬೇರೇನೂ ಹೇಳದಿದ್ದರೆ ಉಬುಂಟು ಅನ್ನೋ ಲಿನಕ್ಸ್ ಬಂದು ಕೂರುತ್ತೆ. ನನಗೆ ಅರ್ಧ ದಿನ ಹೋಗಿದ್ದು ಬಯೋಸ್‌ನಲ್ಲಿ (ಕಂಪ್ಯೂಟರಿನ ಮೂಲ ಸೆಟ್ಟಿಂಗ್ಸ್) ವರ್ಚುವಲೈಸೇಶನ್, ಅಂದರೆ ಒಂದು ಕಂಪ್ಯೂಟರ್ ಒಳಗೆ ಇನ್ನೊಂದನ್ನು ಓಡಿಸುವ ಸೌಲಭ್ಯ, ಆಫ್ ಆಗಿದ್ದದ್ದು ಗೊತ್ತಾಗದೆ. 2016ರಲ್ಲಿ ಬಂದ ಮೊದಲ ಆವೃತ್ತಿ ದುಭಾಷಿಯ ಥರ: ಲಿನಕ್ಸ್ ಪ್ರೋಗ್ರಾಂ ಕೇಳಿದ್ದನ್ನು ವಿಂಡೋಸ್‌ಗೆ ಅರ್ಥವಾಗುವ ಹಾಗೆ ತಿರುಗಿಸಿ ಹೇಳುತ್ತಿತ್ತು. 2020ರಲ್ಲಿ ಎಲ್ಲರ ಕೈಗೆ ಸಿಕ್ಕ ಎರಡನೆಯದರಲ್ಲಿ ಅಸಲಿ ಲಿನಕ್ಸ್ ಕರ್ನಲ್ಲೇ (ಲಿನಕ್ಸ್‌ನ ತಿರುಳು) ಒಂದು ಹಗುರವಾದ ವರ್ಚುವಲ್ ಮಷೀನಿನಲ್ಲಿ, ಅಂದರೆ ಕಂಪ್ಯೂಟರ್ ಒಳಗಿನ ಕಂಪ್ಯೂಟರಿನಲ್ಲಿ, ಓಡುತ್ತೆ. ನಾನು ಬಳಸೋದು ಎರಡನೆಯದು. ಅದರ ಸುಖ-ದುಃಖ ಎರಡೂ ಈ ಬದಲಾವಣೆಯಿಂದಲೇ ಬಂದಿದ್ದು.

ಫೈಲು ಎಲ್ಲಿಡಬೇಕು ಅನ್ನೋದನ್ನು ನಾನು ಕಲಿತಿದ್ದು ಹೀಗೆ. ಶುರುವಿನಲ್ಲಿ ದಿನಕ್ಕೊಂದು ಫೈಲು ಮಾಡಿದ್ದೆ (ನಗಬೇಡಿ, ಆಗ ಅದೇ ಜಾಣತನ ಅನ್ನಿಸಿತ್ತು). 34 ವರ್ಷಕ್ಕೆ ಹನ್ನೆರಡು ಸಾವಿರ ಚಿಲ್ಲರೆ ಫೈಲು, ಎಲ್ಲವೂ ಸಿ ಡ್ರೈವಿನಲ್ಲಿ. ಉಬುಂಟು ಒಳಗಿಂದ ಅವನ್ನು ಓದಲು ಹೇಳಿ ಎದ್ದು ಹೋಗಿ, ಒಲೆ ಮೇಲೆ ಡಿಕಾಕ್ಷನ್ ಬಿಸಿ ಮಾಡಿ, ಕಾಫಿ ಕುಡಿದು ಬಂದರೂ ಮುಗಿದಿರಲಿಲ್ಲ. ಅದೇ ಫೋಲ್ಡರನ್ನು ಲಿನಕ್ಸ್‌ನ ಹೋಮ್‌ಗೆ ಕಾಪಿ ಮಾಡಿ ಓಡಿಸಿದೆ, ಲೋಟ ತೊಳೆದು ಬರುವಷ್ಟರಲ್ಲಿ ಮುಗಿದಿತ್ತು. ಎರಡೂ ಕಡೆಯ ನಡುವೆ ಪ್ರತಿ ಫೈಲಿಗೂ ಗಡಿ ದಾಟುವ ಖರ್ಚಿದೆ, ಸಣ್ಣ ಫೈಲು ಹೆಚ್ಚಿದ್ದಷ್ಟೂ ಅದು ಹೆಚ್ಚು. ಪ್ರಾಜೆಕ್ಟ್ ಲಿನಕ್ಸ್ ಕಡೆಯೇ ಇರಲಿ. ವಿಂಡೋಸ್‌ನಿಂದ ನೋಡಬೇಕಾದರೆ ಎಕ್ಸ್‌ಪ್ಲೋರರ್‌ನಲ್ಲಿ ಎಡಗಡೆ ಪೆಂಗ್ವಿನ್ ಚಿತ್ರ ಇರುತ್ತೆ, ಅಲ್ಲಿಂದ ಹೋಗಿ.

ಇನ್ನು ರ್‍ಯಾಮ್. ನನ್ನದು 8 ಜಿಬಿ. ನಾವೇನೂ ಹೇಳದಿದ್ದರೆ ಇದು ಅರ್ಧದವರೆಗೆ ಎಳೆದುಕೊಳ್ಳಬಹುದು, ನನ್ನಲ್ಲಿ ಎಳೆದುಕೊಂಡದ್ದನ್ನು ಬೇಗ ಬಿಡುತ್ತಲೂ ಇರಲಿಲ್ಲ. ಮಾರ್ಚ್ ತಿಂಗಳ ಕೊನೆಗೆ ಟ್ಯಾಲಿ ತೆಗೆದು ಕೂತ ಮನೆಯವರು "ಏನೋ ಇದು, ಎಮ್ಮೆ ಥರ ನಿಂತ್ಕೊಂಡಿದೆ" ಅಂದಾಗ ಟಾಸ್ಕ್ ಮ್ಯಾನೇಜರ್ ನೋಡಿದರೆ ಮೇಲ್ಗಡೆ ವಿಎಂಮೆಮ್ ಅಂತ ಒಂದು ಹೆಸರು, ಅದೇ ಈ ಲಿನಕ್ಸ್ ಹಿಡಿದುಕೊಂಡ ಮೆಮೊರಿ. ವಿಂಡೋಸ್‌ನ ಯೂಸರ್ ಫೋಲ್ಡರಿನಲ್ಲಿ ಡಬ್ಲ್ಯುಎಸ್‌ಎಲ್‌ಕಾನ್ಫಿಗ್ ಫೈಲು ಮಾಡಿ (ಹೆಸರಿನ ಮುಂದೆ ಚುಕ್ಕಿ ಮರೆಯಬೇಡಿ) ಮೆಮೊರಿ 2 ಜಿಬಿ ಅಂತ ಕಟ್ಟಿಹಾಕಿದೆ. ನನ್ನ ಕೆಲಸಕ್ಕೆ ಅಷ್ಟು ಧಾರಾಳ. ಆದರೂ ಹೊಸದಾಗಿ ತಗೊಳ್ಳುವವರು 16 ಜಿಬಿಯದೇ ತಗೊಳ್ಳಿ.

ನನ್ನ ಮಾನ ಹೋಗಿದ್ದು ಗಡಿಯಾರದ ವಿಷಯದಲ್ಲಿ. ಬೆಳಿಗ್ಗೆ ಎಂಟೂವರೆಗೆ ಮಾಪಕ ನೋಡಿ ಇಂಚು-ಸೆಂಟ್ಸ್ ಒತ್ತಿದರೆ, ನನ್ನ ಸ್ಕ್ರಿಪ್ಟು (ಸಣ್ಣ ಪ್ರೋಗ್ರಾಂ) ಮಿಲಿಮೀಟರ್ ಮಾಡಿ ಅವತ್ತಿನ ತಾರೀಕು ತಾನೇ ಹಾಕಿಕೊಳ್ಳುತ್ತೆ. ಲ್ಯಾಪ್‌ಟಾಪ್ ರಾತ್ರಿಯೆಲ್ಲ ನಿದ್ದೆಯಲ್ಲಿತ್ತು. ವಿಂಡೋಸ್ ಎದ್ದಾಗ ಸಮಯ ಸರಿಮಾಡಿಕೊಂಡಿತು, ಒಳಗಿನ ಲಿನಕ್ಸ್ ಇನ್ನೂ ನಿನ್ನೆ ರಾತ್ರಿಯಲ್ಲೇ ಇತ್ತು. ಜುಲೈ ತಿಂಗಳಲ್ಲಿ ಒಂದೇ ದಿನಕ್ಕೆ 2 ಇಂಚು 40 ಮತ್ತು 3 ಇಂಚು 10 ಎರಡೂ ಬಿದ್ದು, ಮರುದಿನ ಖಾಲಿ. ಅಪ್ಪ ಪಟ್ಟಿ ನೋಡಿದವರೇ "ಐದೂವರೆ ಇಂಚಾ? ಹಾಗೆ ಬಿದ್ದಿದ್ರೆ ಹಳ್ಳದ ಸಂಕ ಇರ್ತಿತ್ತೇನೋ?" ಅಂದರು (ಸಂಕ ಅಂದರೆ ಹಳ್ಳ ದಾಟುವ ಕಾಲುಸೇತುವೆ). ಡೈರಿ ಸರಿ ಇತ್ತು, ಪ್ರೋಗ್ರಾಂ ತಪ್ಪಿತ್ತು. ಆಮೇಲಿನ ಅಪ್‌ಡೇಟುಗಳಲ್ಲಿ ಈ ಕಾಟ ನನಗೆ ಬಂದಿಲ್ಲ, ಆದರೂ ಸ್ಕ್ರಿಪ್ಟು ಈಗ ತಾರೀಕು ತೋರಿಸಿ "ಹೌದಾ?" ಅಂತ ಕೇಳಿಯೇ ಬರೆಯುತ್ತೆ.

ಕನ್ನಡ? ಫೈಲಿನೊಳಗೆ ಯೂನಿಕೋಡ್ ಕನ್ನಡ ಪಕ್ಕಾ ಇರುತ್ತೆ, ಹುಡುಕಬಹುದು, ವಿಂಗಡಿಸಬಹುದು. ಟರ್ಮಿನಲ್ ಪರದೆಯ ಮೇಲೆ ಮಾತ್ರ ಒತ್ತಕ್ಷರಗಳು ಚೆಲ್ಲಾಪಿಲ್ಲಿ. "ಚಿಕ್ಕಮಗಳೂರು" ಅಂತ ಟೈಪ್ ಮಾಡಿದರೆ ಕಕಾರದ ಒತ್ತು ಪಕ್ಕದ ಮನೆಗೆ ಹೋಗಿರುತ್ತೆ. ನಾನು ಪ್ರೋಗ್ರಾಂ ಬರೆಯುವ ತಂತ್ರಾಂಶವಾದ ವಿಎಸ್ ಕೋಡ್‌ನ ಎಡಿಟರಿನಲ್ಲೇ ಓದೋದು. ಅದನ್ನು ವಿಂಡೋಸ್‌ನಲ್ಲಿ ತೆರೆದು ಲಿನಕ್ಸ್ ಒಳಗಿನ ಫೋಲ್ಡರಿಗೆ ಜೋಡಿಸುವ ವ್ಯವಸ್ಥೆ ಇದೆ, ಈ ನಾಲ್ಕು ವರ್ಷದಲ್ಲಿ ನನಗೆ ಅತಿ ಇಷ್ಟವಾಗಿದ್ದು ಅದೇ. ಯುಎಸ್‌ಬಿ ಮಾತ್ರ ರಗಳೆ. ಆರ್ಡುಯಿನೋ ಬೋರ್ಡು (ಪ್ರೋಗ್ರಾಂ ಹಾಕಬಹುದಾದ ಪುಟ್ಟ ಸರ್ಕ್ಯೂಟ್) ಚುಚ್ಚಿದರೆ ಲಿನಕ್ಸ್‌ಗೆ ತಾನಾಗಿ ಕಾಣಲ್ಲ, ಯುಎಸ್‌ಬಿಐಪಿಡಿ ಅನ್ನೋದನ್ನು ಬೇರೆ ಹಾಕಿ ಜೋಡಿಸಿಕೊಳ್ಳಬೇಕು. ನಾನು ಸೋತು ಬೋರ್ಡಿನ ಕೆಲಸವನ್ನೆಲ್ಲ ವಿಂಡೋಸ್‌ನಲ್ಲೇ ಮಾಡ್ತೀನಿ.

ಕೊನೆಗೆ ಮಳೆಗಾಲದವರಿಗೆ ಒಂದು ಮಾತು. ಇಡೀ ಲಿನಕ್ಸ್ ಇರೋದು ಒಂದೇ ದೊಡ್ಡ ಡಿಸ್ಕ್ ಫೈಲಿನಲ್ಲಿ. ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿದೆ. ಒಂದು ಸಂಜೆ ಕರೆಂಟು ಹೋಗಿ ಪಟ್ ಅಂತ ಆಫ್ ಆಯಿತು, ಮತ್ತೆ ತೆರೆದಾಗ ಫೈಲು ಓದಬಹುದು, ಬರೆಯಲಾಗದು ಅನ್ನೋ ಸ್ಥಿತಿ. ಮೂರು ವಾರದ ಹಿಂದೆ ಎಕ್ಸ್‌ಪೋರ್ಟ್ ಮಾಡಿಟ್ಟಿದ್ದ ಪ್ರತಿ ಇತ್ತು, ಅದನ್ನೇ ಇಂಪೋರ್ಟ್ ಮಾಡಿದೆ. ನಡುವಿನ ಮೂರು ವಾರದ ಮಳೆಯನ್ನು ಅಪ್ಪನ ಡೈರಿ ನೋಡಿಕೊಂಡು ಮತ್ತೆ ಒತ್ತಿದೆ. ಈಗ ಪ್ರತಿ ಭಾನುವಾರ ಎಕ್ಸ್‌ಪೋರ್ಟ್. ಡೈರಿಯೂ ನಿಂತಿಲ್ಲ.