ಹಾದ್ ರಿನ್ ಹುಣ್ಣಿಮೆ ಪಾರ್ಟಿ: ಕೊಡಗಿನಿಂದ ಹೊರಟವರಿಗೆ

ಮಡಿಕೇರಿ ದಸರಾದ ದಶಮಂಟಪಗಳನ್ನು ಬೆಳಗಿನವರೆಗೂ ನಿಂತು ನೋಡುವ ನಮ್ಮವರಿಗೆ ಥಾಯ್ಲೆಂಡಿನ ಕೊ ಫಂಗನ್ ದ್ವೀಪದ ಹಾದ್ ರಿನ್ ಕಡಲದಂಡೆಯಲ್ಲಿ, ಹುಣ್ಣಿಮೆಗೆ ರಾತ್ರಿಯಿಡೀ ನಡೆಯುವ ಪಾರ್ಟಿಗಾಗಿ ನಿದ್ದೆಗೆಡುವುದು ಕಷ್ಟವಲ್ಲ. ಕಷ್ಟ ಅಲ್ಲಿನ ಬಕೆಟ್. ಮಕ್ಕಳ ಆಟಿಕೆಯಂಥ ಪ್ಲಾಸ್ಟಿಕ್ ಬಕೆಟ್ಟಿಗೆ 300 ಮಿ.ಲೀ. ಆಸುಪಾಸಿನ ರಮ್ ಬಾಟಲಿ, ಕೋಲಾ, ಎನರ್ಜಿ ಡ್ರಿಂಕ್ ಸುರಿದು ಸ್ಟ್ರಾ ಹಾಕಿ ಕೊಡುತ್ತಾರೆ. ಲೆಕ್ಕ ಹಾಕಿದರೆ ಹತ್ತು ಸಣ್ಣ ಪೆಗ್! ಕೆಫೀನ್ ಅಮಲನ್ನು ಮರೆಮಾಚುವುದರಿಂದ ಎಷ್ಟು ಏರಿತೆಂಬುದು ತಡವಾಗಿ ತಿಳಿಯುತ್ತದೆ. ಮೊದಲು ಹೊಟ್ಟೆತುಂಬ ಉಣ್ಣಿ, ಒಂದು ಬಕೆಟ್ಟನ್ನು ಮೂವರು ಹಂಚಿಕೊಳ್ಳಿ, ಬಾಟಲಿಯ ಸೀಲ್ ಒಡೆಯುವುದನ್ನು ಕಣ್ಣಾರೆ ನೋಡಿ.

ಸಂಗೀತಕ್ಕೆ ಪೂರ್ತಿ ಅಂಕ. ದಂಡೆಯುದ್ದಕ್ಕೂ ಒಂದೊಂದು ಬಾರ್‌ನಲ್ಲಿ ಒಂದೊಂದು ಬಗೆಯ ಎಲೆಕ್ಟ್ರಾನಿಕ್ ಸಂಗೀತ: ಟ್ರಾನ್ಸ್, ಹೌಸ್, ಡ್ರಮ್ ಆಂಡ್ ಬೇಸ್. ನಾಲ್ಕು ಹೆಜ್ಜೆ ನಡೆದರೆ ತಾಳವೇ ಬೇರೆ.

ಉರಿಯುವ ಹಗ್ಗ ಜಿಗಿಯುವ ಆಟ ಮಾತ್ರ ಬೇಡವೇ ಬೇಡ. ಕಾಲಿಗೆ ಸುತ್ತಿಕೊಂಡರೆ ಸುಟ್ಟಗಾಯ ಖಚಿತ. ಮರಳಲ್ಲಿ ಗಾಜಿನ ಚೂರುಗಳಿರುತ್ತವೆ, ಶೂ ಹಾಕಿ.

ಘಾಟಿ ರಸ್ತೆ ನಮಗೆ ಹೊಸದಲ್ಲ ಎಂದು ಸ್ಕೂಟರ್ ಬಾಡಿಗೆಗೆ ಹಿಡಿಯಬೇಡಿ. ಹಾದ್ ರಿನ್ ದಾರಿ ತೀರಾ ಕಡಿದು, ರಾತ್ರಿ ಎದುರು ಬರುವವರೂ ಕುಡಿದಿರುತ್ತಾರೆ. ಜನ ಹಂಚಿಕೊಂಡು ಹೋಗುವ ಪಿಕಪ್ ಟ್ಯಾಕ್ಸಿ ಸಾಕು. ಹುಣ್ಣಿಮೆ ಬೌದ್ಧ ಹಬ್ಬದ ದಿನವೇ ಬಂದರೆ ಪಾರ್ಟಿ ಮುಂದೆ ಸರಿಯುತ್ತದೆ. ವಿಮಾನ ಟಿಕೆಟ್ ತೆಗೆಯುವ ಮೊದಲು ದಿನಾಂಕ ನೋಡಿಕೊಳ್ಳಿ.