ಸೌತ್ ಡೌನ್ಸ್ ವೇ: ಬೇಸಿಗೆಗೆ ಐದು ಸ್ಟಾರ್, ಚಳಿಗಾಲಕ್ಕೆ ಎರಡು

ಮೊದಲು ತೀರ್ಪು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ದಕ್ಷಿಣ ಇಂಗ್ಲೆಂಡಿನಲ್ಲಿ ಮೌಂಟನ್ ಬೈಕ್ ತುಳಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ. ನವೆಂಬರ್ ನಂತರ ಹೋದರೆ ಅದೇ ದಾರಿಗೆ ಬಾಯಿಗೆ ಬಂದಂತೆ ಬೈದುಕೊಂಡು ವಾಪಸ್ ಬರುತ್ತೀರಿ.

ವಿಂಚೆಸ್ಟರ್‌ನಿಂದ ಈಸ್ಟ್‌ಬೋರ್ನ್‌ವರೆಗೆ 100 ಮೈಲಿ, ಅಂದರೆ 160 ಕಿ.ಮೀ. ಟಿಕೆಟ್ ಇಲ್ಲ, ಪಾಸ್ ಇಲ್ಲ, ಗೇಟು ಮುಚ್ಚುವ ಹೊತ್ತು ಅಂತ ಇಲ್ಲ. 1972ರಲ್ಲಿ ತೆರೆದ ಈ ದಾರಿ ಹೆಚ್ಚುಕಮ್ಮಿ ಪೂರ್ತಿ ಸೌತ್ ಡೌನ್ಸ್ ನ್ಯಾಷನಲ್ ಪಾರ್ಕ್ ಒಳಗೇ ಸಾಗುತ್ತದೆ. ನನ್ನ ಮನೆ ಕ್ರಾಲಿಯಲ್ಲಿ. ಕೆಲವು ವರ್ಷಗಳಿಂದ ಹವಾಮಾನ ಚೆನ್ನಾಗಿರುವ ವಾರಾಂತ್ಯಗಳಲ್ಲಿ ತುಂಡುತುಂಡಾಗಿಯೂ, ರಜೆ ಸಿಕ್ಕಾಗ ಮೂರು ದಿನದಲ್ಲಿ ಪೂರ್ತಿಯಾಗಿಯೂ ತುಳಿದಿದ್ದೇನೆ. ಸೈಕಲ್ ದುಬಾರಿಯದ್ದಲ್ಲ. ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಸಾದಾ ಹಾರ್ಡ್‌ಟೇಲ್.

ಊರಿನ ಗೆಳೆಯರಿಗೆ ಫೋಟೊ ಕಳಿಸಿದರೆ ನಗುತ್ತಾರೆ. ಡಿಚ್ಲಿಂಗ್ ಬೀಕನ್ 248 ಮೀಟರ್, ಬಟ್ಸರ್ ಹಿಲ್ 271 ಮೀಟರ್. 1,930 ಮೀಟರ್‌ನ ಮುಳ್ಳಯ್ಯನಗಿರಿ ನೋಡಿದವರಿಗೆ ಇವು ಬೆಟ್ಟ ಅನ್ನಿಸುವುದು ಕಷ್ಟವೇ. ಆದರೆ ಇಲ್ಲಿನ ಕಷ್ಟ ಎತ್ತರದ್ದಲ್ಲ. ಸುಣ್ಣಕಲ್ಲಿನ ಈ ಉದ್ದನೆಯ ದಿಣ್ಣೆಯನ್ನು ಅರುನ್, ಅಡೂರ್, ಊಜ್, ಕಕ್‌ಮಿಯರ್ ಎಂಬ ನಾಲ್ಕು ನದಿಗಳು ಕಡಿದು ಸಮುದ್ರ ಸೇರುತ್ತವೆ. ಪ್ರತಿ ನದಿಗೂ ಹೆಚ್ಚುಕಮ್ಮಿ ಸಮುದ್ರಮಟ್ಟಕ್ಕೆ ಇಳಿಯಬೇಕು, ದಾಟಿದ ತಕ್ಷಣ ಮತ್ತೆ ಇನ್ನೂರು ಮೀಟರ್ ಏರಬೇಕು. ನಡುವೆಯೂ ಸಮತಟ್ಟು ಅಂತ ಏನಿಲ್ಲ, ಇಳಿದದ್ದನ್ನೆಲ್ಲ ಏರುತ್ತಲೇ ಇರಬೇಕು. ಒಟ್ಟು ಏರು ಸುಮಾರು 3,800 ಮೀಟರ್. ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಯಾರೂ ನಗುತ್ತಿರುವುದಿಲ್ಲ.

ಪೂರ್ತಿ ದಾರಿಗೆ ಪುರುಸೊತ್ತಿಲ್ಲ, ಒಂದೇ ದಿನ ಇದೆ ಅನ್ನುವವರಿಗೆ ನನ್ನ ಸಲಹೆ ಒಂದೇ: ಆಂಬರ್ಲಿಯಿಂದ ಸೌತ್‌ಈಸ್‌ವರೆಗೆ. ಐವತ್ತು ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ಎರಡೂ ತುದಿಗೆ ರೈಲು ನಿಲ್ದಾಣ ದಾರಿಯ ಪಕ್ಕದಲ್ಲೇ ಇದೆ, ಕಾರಿನ ಗೋಜಿಲ್ಲ. ಪಶ್ಚಿಮದಿಂದ ಪೂರ್ವಕ್ಕೇ ಹೋಗಿ. ಇಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುತ್ತದೆ. ದಿಣ್ಣೆಯ ಮೇಲೆ ಮರ ಕಡಿಮೆ, ಎದುರುಗಾಳಿಗೆ ಸಿಕ್ಕರೆ ಇಳಿಜಾರಿನಲ್ಲೂ ತುಳಿಯಬೇಕಾಗುತ್ತದೆ.

ಆಂಬರ್ಲಿ ಬಿಟ್ಟ ಕೂಡಲೇ ಮೈ ಬೆಚ್ಚಗಾಗುವ ಮೊದಲೇ ಕಡಿದಾದ ಏರು, ಅಲ್ಲಿ ಇಳಿದು ತಳ್ಳಿದರೆ ನಾಚಿಕೆಯೇನಿಲ್ಲ. ಮೇಲೆ ಸೇರಿದ ಮೇಲೆ ದಾರಿಯ ಗುಣವೇ ಬದಲಾಗುತ್ತದೆ. ಬೆಳ್ಳನೆಯ ಸುಣ್ಣದ ಹಾದಿ, ಎರಡೂ ಬದಿ ಕುರಿ ಮೇಯ್ದು ಕತ್ತರಿಸಿದಂತಿರುವ ಹುಲ್ಲು, ಎಡಕ್ಕೆ ಹಳ್ಳಿಗಳೂ ಹೊಲಗಳೂ ಹರಡಿಕೊಂಡ ತಗ್ಗು, ಬಲಕ್ಕೆ ದೂರದಲ್ಲಿ ಸಮುದ್ರ. ಮೇ ತಿಂಗಳಲ್ಲಿ ರೇಪ್‌ಸೀಡ್ ಹೊಲಗಳು ಹಳದಿಯೋ ಹಳದಿ. ಚಾಂಕ್ಟನ್‌ಬರಿ ರಿಂಗ್ ಬಳಿ ಸ್ವಲ್ಪ ನಿಲ್ಲಿ. ಕಬ್ಬಿಣಯುಗದ ಕೋಟೆಯ ಮೇಲೆ 1760ರಲ್ಲಿ ನೆಟ್ಟ ಬೀಚ್ ಮರಗಳ ತೋಪು ಅದು. 1987ರ ಅಕ್ಟೋಬರ್ ಬಿರುಗಾಳಿಗೆ ಮುಕ್ಕಾಲು ಪಾಲು ಉರುಳಿ, ಈಗ ಮರುನೆಟ್ಟ ಮರಗಳು ಮೇಲೇಳುತ್ತಿವೆ. ಅಲ್ಲಿಂದ ಅಡೂರ್ ನದಿಗೆ ಇಳಿಯುವ ದಾರಿ ಉದ್ದವಾಗಿದೆ, ಬ್ರೇಕ್ ಬಿಡಲು ಧೈರ್ಯವಿದ್ದವರಿಗೆ ಹಬ್ಬ. ನದಿ ಹತ್ತಿರ ಬೊಟಾಲ್ಫ್ಸ್‌ನಲ್ಲಿ ಕುಡಿಯುವ ನೀರಿನ ನಲ್ಲಿ ಇದೆ. ಬಾಟಲಿ ಅರ್ಧ ತುಂಬಿದ್ದರೂ ಅಲ್ಲಿ ಪೂರ್ತಿ ತುಂಬಿಸಿಕೊಳ್ಳಿ. ಸುಣ್ಣಕಲ್ಲಿನಲ್ಲಿ ನೀರು ನಿಲ್ಲುವುದಿಲ್ಲ, ದಿಣ್ಣೆಯ ಮೇಲೆ ಹಳ್ಳ, ತೊರೆ ಏನೂ ಸಿಗುವುದಿಲ್ಲ. ಹಿಂದಿನವರು ದನಕುರಿಗೆಂದು ತಳಕ್ಕೆ ಜೇಡಿಮಣ್ಣು ಮೆತ್ತಿ ಮಾಡಿದ ಸಣ್ಣ ಹೊಂಡಗಳು ಅಲ್ಲಲ್ಲಿ ಇವೆ, ಅವು ನಮಗಲ್ಲ.

ನದಿ ದಾಟಿ ಟ್ರೂಲಿ ಹಿಲ್ ಏರು. ಇಡೀ ದಾರಿಯಲ್ಲಿ ನನಗೆ ಅತಿ ಬೇಸರದ ಭಾಗ ಇದೇ. ಮೇಲೆ ಮಾಸ್ಟ್‌ಗಳು, ಕೆಳಗೆ ಟಾರು ರಸ್ತೆ, ನೋಡಲೂ ಏನಿಲ್ಲ. ಅದಾದ ಮೇಲೆ ಡೆವಿಲ್ಸ್ ಡೈಕ್‌ವರೆಗೆ ಒಂದರ ಹಿಂದೆ ಒಂದು ದಿಣ್ಣೆ. ಇಳಿದ ವೇಗದಲ್ಲೇ ಮುಂದಿನ ದಿಣ್ಣೆಯ ಅರ್ಧ ಏರಬಹುದು ಅನ್ನಿಸುತ್ತದೆ, ಅಷ್ಟರಲ್ಲಿ ಒಂದು ಗೇಟು ಬರುತ್ತದೆ.

ಗೇಟುಗಳ ಬಗ್ಗೆ ಹೇಳಲೇಬೇಕು. ಲೆಕ್ಕವಿಲ್ಲದಷ್ಟಿವೆ. ಕುದುರೆಯ ಮೇಲೆ ಕೂತವರ ಕೈಗೆ ಸಿಗಲಿ ಅಂತ ಚಿಲಕಕ್ಕೆ ಉದ್ದನೆಯ ಹಿಡಿ ಹಾಕಿ ಮೇಲಕ್ಕೆ ಎತ್ತಿರುತ್ತಾರೆ. ಅದು ಸೈಕಲ್ ಸವಾರರಿಗೂ ಅನುಕೂಲ: ಪಕ್ಕಕ್ಕೆ ತಂದು ನಿಲ್ಲಿಸಿ, ಒಂದು ಕೈಯಲ್ಲಿ ಹಿಡಿ ಎಳೆದು, ಮುಂದಿನ ಚಕ್ರದಿಂದ ಗೇಟು ನೂಕಿದರೆ ಇಳಿಯದೆಯೇ ದಾಟಬಹುದು. ಆದರೆ ಕೆಲವು ಗೇಟು ತಾನೇ ಮುಚ್ಚಿಕೊಳ್ಳುವ ಭರದಲ್ಲಿ ಹಿಂದಿನ ಚಕ್ರಕ್ಕೆ ಬಡಿಯುತ್ತವೆ. ಗೇರ್ ಬದಲಿಸುವ ಡಿರೇಲರ್ ಇರುವ ಬಲಬದಿಯನ್ನು ಕಾಪಾಡಿಕೊಳ್ಳಿ. ತಾನಾಗಿ ಮುಚ್ಚದ ಗೇಟನ್ನು ಮುಚ್ಚಿಯೇ ಹೋಗಿ. ಆಚೆ ದನ, ಕುರಿ ಇರುತ್ತವೆ.

ಡಿಚ್ಲಿಂಗ್ ಬೀಕನ್‌ಗೆ ಮೊದಲು ಜಾಕ್ ಆ್ಯಂಡ್ ಜಿಲ್ ಎಂಬ ಗಾಳಿಗಿರಣಿ ಜೋಡಿ ಸಿಗುತ್ತದೆ. ಆ ಕಡೆಯಿಂದ ದಾರಿ ಬಿಟ್ಟು ದಕ್ಷಿಣಕ್ಕೆ, ಬ್ರೈಟನ್ ದಿಕ್ಕಿಗೆ ಹೋದರೆ ಪ್ಯಾಚಮ್ ಊರಿನ ಮೇಲ್ಗಡೆ ಹೊಲದ ನಡುವೆ ಬಿಳಿ ಅಮೃತಶಿಲೆಯ ‘ಛತ್ರಿ’ ಎಂಬ ಸ್ಮಾರಕ ಇದೆ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಭಾರತೀಯ ಸೈನಿಕರಿಗೆ ಬ್ರೈಟನ್‌ನ ರಾಯಲ್ ಪೆವಿಲಿಯನ್ ಅರಮನೆಯನ್ನೇ ಆಸ್ಪತ್ರೆ ಮಾಡಿದ್ದರು. ಬ್ರೈಟನ್‌ನ ಆಸ್ಪತ್ರೆಗಳಲ್ಲಿ ತೀರಿಕೊಂಡ ಹಿಂದೂ ಮತ್ತು ಸಿಖ್ ಸೈನಿಕರಲ್ಲಿ 53 ಮಂದಿಯ ದಹನ ನಡೆದ ಜಾಗ ಇದು. ಸ್ಮಾರಕ ಅನಾವರಣವಾದದ್ದು 1921ರಲ್ಲಿ. ಸೈಕಲ್ಲನ್ನು ಗೇಟಿನ ಹತ್ತಿರ ಬಿಟ್ಟು ನಡೆದು ಹೋಗಿ. ಇಂಗ್ಲೆಂಡಿನಲ್ಲಿ ಹತ್ತಾರು ವರ್ಷ ಇದ್ದ ನಮ್ಮವರಲ್ಲೂ ಎಷ್ಟೋ ಜನ ಇದರ ಹೆಸರು ಕೇಳಿಲ್ಲ.

ಇನ್ನು ಹಕ್ಕಿನ ಮಾತು. ಇಂಗ್ಲೆಂಡಿನಲ್ಲಿ ದಾರಿ ಕಂಡಿತು ಅಂತ ಸೈಕಲ್ ನುಗ್ಗಿಸುವಂತಿಲ್ಲ. ಹಳದಿ ಬಾಣ ಇದ್ದರೆ ನಡೆಯುವವರಿಗೆ ಮಾತ್ರ. ನೀಲಿ ಬಾಣ ಇದ್ದರೆ ಬ್ರೈಡಲ್‌ವೇ, ಅಲ್ಲಿ ಕುದುರೆಗೂ ಸೈಕಲ್ಲಿಗೂ ಹಕ್ಕಿದೆ. ಸೈಕಲ್ಲಿಗೆ ಈ ಹಕ್ಕು ಬಂದದ್ದು 1968ರ ಕಂಟ್ರಿಸೈಡ್ ಕಾಯ್ದೆಯಿಂದ. ಅದಕ್ಕೆ ಒಂದು ಷರತ್ತಿದೆ: ನಡೆಯುವವರಿಗೂ ಕುದುರೆ ಸವಾರರಿಗೂ ನಾವೇ ದಾರಿ ಬಿಡಬೇಕು. ದಾರಿಯನ್ನು ಸೈಕಲ್ಲಿಗೆ ತಕ್ಕಂತೆ ಇಟ್ಟುಕೊಡುವ ಹೊಣೆಯನ್ನೂ ಆ ಕಾಯ್ದೆ ಯಾರ ಮೇಲೂ ಹಾಕಿಲ್ಲ. ಗುಂಡಿ ಬಿದ್ದಿದೆ, ಕೆಸರಾಗಿದೆ ಅಂತ ದೂರಿದರೆ ಪ್ರಯೋಜನವಿಲ್ಲ. ಕುದುರೆಯ ಹಿಂದೆ ಬಂದಾಗ ಬೆಲ್ ಹೊಡೆಯುವುದಕ್ಕಿಂತ ದೂರದಿಂದಲೇ ಜೋರಾಗಿ ‘ಹಲೋ’ ಅನ್ನಿ. ಮನುಷ್ಯರ ದನಿ ಕೇಳಿದರೆ ಕುದುರೆ ಬೆದರುವುದು ಕಡಿಮೆ. ಬಾಡಿಗೆ ಇ-ಬೈಕ್ ತಂದರೂ ನಡೆಯುತ್ತದೆ, ಮೋಟಾರು 250 ವ್ಯಾಟ್ ಒಳಗಿರಬೇಕು, ಗಂಟೆಗೆ 25 ಕಿ.ಮೀ. ದಾಟಿದ ಮೇಲೆ ಸಹಾಯ ನಿಲ್ಲಬೇಕು.

ನ್ಯಾಷನಲ್ ಟ್ರೇಲ್‌ನ ಓಕ್ ಬೀಜದ ಗುರುತು ಪ್ರತಿ ತಿರುವಿನಲ್ಲೂ ಸಿಗುತ್ತದೆ, ಕಳೆದುಹೋಗುವುದೇ ಕಷ್ಟ. ಆದರೂ ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನನ್ಸ್ ಸರ್ವೆಯ 1:25,000 ನಕ್ಷೆ ಫೋನಿನಲ್ಲಿರಲಿ. ಅದರಲ್ಲಿ ಹಸಿರು ಉದ್ದಗೆರೆ ಬ್ರೈಡಲ್‌ವೇ, ಚಿಕ್ಕಗೆರೆ ಕಾಲುದಾರಿ. ಮಳೆ ಬಂದು ಅರ್ಧದಲ್ಲೇ ನಿಲ್ದಾಣಕ್ಕೆ ಇಳಿಯಬೇಕಾದಾಗ ಅದರ ಬೆಲೆ ತಿಳಿಯುತ್ತದೆ.

ಚಳಿಗಾಲಕ್ಕೆ ಎರಡೇ ಸ್ಟಾರ್ ಯಾಕೆ ಅಂದರೆ, ಒದ್ದೆಯಾದ ಸುಣ್ಣದ ಹಾದಿ ಪಾಚಿ ಕಟ್ಟಿದ ಬಾವಿಕಟ್ಟೆಯ ಹಾಗೆ. ತಿರುವಿನಲ್ಲಿ ಬ್ರೇಕ್ ಮುಟ್ಟಿದರೆ ಮುಗಿಯಿತು. ಜೇಡಿಮಣ್ಣು ಇರುವ ಕಡೆ ಚಕ್ರಕ್ಕೂ ಫ್ರೇಮಿಗೂ ನಡುವೆ ಕೆಸರು ತುಂಬಿ ಸೈಕಲ್ ಉರುಳುವುದೇ ಇಲ್ಲ. ಮನೆಗೆ ಬಂದು ಅವತ್ತೇ ತೊಳೆಯದಿದ್ದರೆ ಆ ಬಿಳಿ ಕೆಸರು ಒಣಗಿ ಗಾರೆಯಾಗುತ್ತದೆ. ಬ್ರೇಕ್ ಪ್ಯಾಡು, ಚೈನು ಎರಡನ್ನೂ ತಿನ್ನುತ್ತದೆ. ಚಳಿಗಾಲದ ಒಂದೇ ಸವಾರಿಗೆ ಹೊಸ ಪ್ಯಾಡು ತೆಳ್ಳಗಾದದ್ದು ನೋಡಿದ್ದೇನೆ.

ಬೇಸಿಗೆಯಲ್ಲೂ ಒಂದು ಕಾಟ ಇದ್ದೇ ಇದೆ: ಫ್ಲಿಂಟ್. ಸುಣ್ಣದ ನಡುವೆ ಹುದುಗಿರುವ ಈ ಕಪ್ಪು ಕಲ್ಲು ಒಡೆದರೆ ಅಂಚು ಚಾಕುವಿನಷ್ಟು ಚೂಪು, ಹಿಂದೆ ಇದರಿಂದಲೇ ಆಯುಧ ಮಾಡುತ್ತಿದ್ದರು. ಟೈರಿನ ಮೈ ಸೀಳಿದರೆ ಸಾದಾ ಪ್ಯಾಚು ಸಾಲದು. ಟ್ಯೂಬ್‌ಲೆಸ್ ಮಾಡಿಸಿಕೊಳ್ಳಿ, ಪಕ್ಕದ ಗೋಡೆ ಗಟ್ಟಿಯಿರುವ ಟೈರು ಹಾಕಿ, ಪ್ಲಗ್ ಕಿಟ್ ಜೊತೆಗೆ ಒಂದು ಟ್ಯೂಬನ್ನೂ ಇಟ್ಟುಕೊಳ್ಳಿ. ಅಗಲ ಟೈರಿನ ಗ್ರಾವೆಲ್ ಬೈಕಿನಲ್ಲಿ ಹೋಗುವವರೂ ಇದ್ದಾರೆ, ಒಣ ದಿನಕ್ಕೆ ಸರಿ, ಇಳಿಜಾರಿನಲ್ಲಿ ಕೈ ನಡುಗುತ್ತದೆ.

ರೈಲಿನ ವಿಷಯ: ವಾರದ ದಿನಗಳಲ್ಲಿ ಬೆಳಿಗ್ಗೆ, ಸಂಜೆಯ ದಟ್ಟಣೆ ಹೊತ್ತಿನಲ್ಲಿ ಲಂಡನ್ ದಾರಿಯಲ್ಲಿ ಮಡಚಲಾಗದ ಸೈಕಲ್ ಹತ್ತಿಸುವಂತಿಲ್ಲ. ಭಾನುವಾರ ಹಳಿ ಕೆಲಸವಿದ್ದರೆ ರೈಲಿನ ಬದಲು ಬಸ್ ಬಿಡುತ್ತಾರೆ, ಅದರಲ್ಲಿ ಸೈಕಲ್ಲಿಗೆ ಜಾಗ ಸಿಗದು. ಹಿಂದಿನ ರಾತ್ರಿಯೇ ನೋಡಿಕೊಳ್ಳಿ. ತಂಗಲು ಟ್ರೂಲಿ ಹಿಲ್‌ನಲ್ಲೂ ಸೌತ್‌ಈಸ್‌ನಲ್ಲೂ ದಾರಿಯ ಮೇಲೆಯೇ ಯೂತ್ ಹಾಸ್ಟೆಲ್ ಇದೆ. ಸಿಕ್ಕಿದಲ್ಲಿ ಟೆಂಟ್ ಹಾಕಲು ಇಲ್ಲಿ ಹಕ್ಕಿಲ್ಲ, ಜಮೀನಿನವರ ಒಪ್ಪಿಗೆ ಬೇಕು.

ಪೂರ್ತಿ ಹೋಗುವವರು ಕೊನೆಯಲ್ಲಿ ಆಲ್ಫ್ರಿಸ್ಟನ್‌ನಲ್ಲಿ ಎಚ್ಚರ. ಅಲ್ಲಿ ದಾರಿ ಎರಡಾಗುತ್ತದೆ. ಸೆವೆನ್ ಸಿಸ್ಟರ್ಸ್ ಬಂಡೆಗಳ ಮೇಲೆ ಹೋಗುವುದು ನಡೆಯುವವರಿಗೆ ಮಾತ್ರ. ಸೈಕಲ್ಲಿನವರು ವಿಂಡೋವರ್ ಹಿಲ್ ಏರಿ, ಜೆವಿಂಗ್ಟನ್ ಮೂಲಕ ಈಸ್ಟ್‌ಬೋರ್ನ್ ಸೇರಬೇಕು. ಬಿಳಿ ಬಂಡೆಗಳ ಮುಂದೆ ಫೋಟೊ ಬೇಕೇ ಬೇಕೆಂದರೆ ಇನ್ನೊಂದು ದಿನ ಶೂ ಹಾಕಿಕೊಂಡು ಬನ್ನಿ.