ಕಾರಿನ ನೆತ್ತಿ ಮೇಲೆ ಎರಡು ಕಯಾಕ್: ಜೆ-ಕ್ಯಾರಿಯರ್ ಬಳಸಿ ನೋಡಿದ್ದು

ಕಯಾಕ್ ಅಂದರೆ ಹುಟ್ಟು ಹಾಕಿ ನಡೆಸುವ ಕಿರಿದಾದ ಸಣ್ಣ ದೋಣಿ. ಅದನ್ನು ಕಾರಿನ ಮೇಲೆ ಕೂರಿಸಿ ಒಯ್ಯಲು ಮಡಚುವ ಜೆ-ಕ್ಯಾರಿಯರ್ ಎರಡು ಜೋಡಿ ತಗೊಂಡು ಕೆಲವು ಬೇಸಿಗೆಗಳಾದವು. ನಾವಿರುವುದು ಮಿಷಿಗನ್‌ನಲ್ಲಿ, ಡೆಟ್ರಾಯ್ಟ್ ಹತ್ತಿರ. ಕೆರೆ, ಹೊಳೆಗೆ ಇಲ್ಲಿ ಬರವಿಲ್ಲ. ಮೇ ತಿಂಗಳಿಂದ ಸೆಪ್ಟೆಂಬರ್ ತನಕ ವಾರಾಂತ್ಯ ಬಂತೆಂದರೆ ಕಯಾಕ್ ಕಾರು ಹತ್ತಲೇಬೇಕು. ನಮ್ಮವು 12 ಅಡಿಯ ಪ್ಲಾಸ್ಟಿಕ್ ಕಯಾಕ್‌ಗಳು, ಒಂದೊಂದೂ 25 ಕೆ.ಜಿ. ಆಸುಪಾಸು.

ಜೆ-ಕ್ಯಾರಿಯರ್ ಅಂದರೆ ಇಂಗ್ಲಿಷ್ ಜೆ ಅಕ್ಷರದ ಹಾಗೆ ಬಾಗಿದ ಕಬ್ಬಿಣದ ಕೊಳವೆ. ಕಯಾಕ್ ಅದರಲ್ಲಿ ಮಗ್ಗುಲಾಗಿ ಒರಗಿ ಕೂರುತ್ತದೆ. ಹಾಗಾಗಿ ಅಗಲ ಕಡಿಮೆ ಸಾಕು, ಒಂದೇ ಜೋಡಿ ಕ್ರಾಸ್‌ಬಾರ್ (ಕಾರಿನ ನೆತ್ತಿಗೆ ಅಡ್ಡಲಾಗಿ ಹಾಕುವ ಕಂಬಿ) ಮೇಲೆ ಎರಡು ಕಯಾಕ್ ಹಿಡಿಯುತ್ತವೆ. ನಾವು ಇದನ್ನು ಆರಿಸಿದ್ದು ಅದಕ್ಕೇ. ಆದರೆ ಮೂರನೆಯದರ ಆಸೆ ಬೇಡ. ನಮ್ಮ ಕಾರಿನ ಮ್ಯಾನುಯಲ್ ಪ್ರಕಾರ ಓಡುವಾಗ ಮೇಲೆ 75 ಕೆ.ಜಿ. ಮಾತ್ರ ಇರಬಹುದು. ಕಯಾಕ್ ಜೊತೆಗೆ ಬಾರ್, ಕ್ಯಾರಿಯರ್ ತೂಕವೂ ಅದರಲ್ಲೇ ಸೇರಬೇಕು. ಬಾರ್‌ನ ಡಬ್ಬಿ ಮೇಲೆ ಇನ್ನೂ ಜಾಸ್ತಿ ಬರೆದಿದ್ದರೂ ಲೆಕ್ಕಕ್ಕೆ ಬರುವುದು ಎರಡರಲ್ಲಿ ಕಡಿಮೆ ಇರುವ ಅಂಕಿ.

ಇದರ ದೊಡ್ಡ ತೊಂದರೆ ಎತ್ತರ. ಎಸ್‌ಯುವಿ ಮೇಲಿನ ಜೆ ತುದಿಗಿಂತ ಎತ್ತರಕ್ಕೆ ಕಯಾಕ್ ಎತ್ತಿ, ಒಳಗೆ ಇಳಿಸಬೇಕು. ಹೆಂಡತಿ ಐದು ಅಡಿ ಎರಡು ಇಂಚು. ಅವಳು ಕಾರಿನ ಬಾಗಿಲು ತೆರೆದು ಅದರ ಹೊಸ್ತಿಲ ಮೇಲೆ ನಿಂತೇ ಹಿಡಿಯಬೇಕು. ನೀರಲ್ಲಿ ಆಡಿ ದಣಿದು ಬಂದ ಮೇಲೆ ಈ ಕಸರತ್ತು ಬೇಜಾರು ತರಿಸುತ್ತದೆ. ಒಬ್ಬರೇ ಹೋಗುವವರು ಇದನ್ನು ಕೊಳ್ಳಬೇಡಿ. ಕಯಾಕ್ ಹೊಟ್ಟೆ ಕೆಳಗಾಗಿ ಕೂರುವ ಸ್ಯಾಡಲ್ ತಗೊಳ್ಳಿ, ಹಿಂದಿನಿಂದ ತಳ್ಳಿದರೆ ಜಾರಿಕೊಂಡು ಹತ್ತುತ್ತದೆ.

ಇನ್ನು ಸುರಕ್ಷತೆ. ಕ್ಯಾರಿಯರ್ ಎಷ್ಟೇ ದುಬಾರಿ ಇರಲಿ, ಕಯಾಕನ್ನು ನಿಜವಾಗಿ ಹಿಡಿದಿಡುವುದು ಪಟ್ಟಿ. ಜೊತೆಗೆ ಬಂದ ಪಟ್ಟಿಗಳು ಕ್ಯಾಮ್ ಬಕಲ್‌ನವು. ಹೆಬ್ಬೆರಳಲ್ಲಿ ಒತ್ತಿದರೆ ಸರಿಯುತ್ತದೆ, ಬಿಟ್ಟರೆ ಹಲ್ಲು ಕಚ್ಚಿ ಹಿಡಿಯುತ್ತದೆ. ಕೈಯಲ್ಲಿ ಎಳೆದಷ್ಟು ಬಿಗಿ ಸಾಕು. ಲಾರಿಯವರು ಬಳಸುವ ರ‍್ಯಾಚೆಟ್ ಇನ್ನೂ ಭದ್ರ ಅನ್ನುವವರಿದ್ದಾರೆ. ಅದು ಕಟಕಟ ಎಂದು ಬಿಗಿಯುತ್ತಾ ಹೋದಂತೆ ಕಯಾಕಿನ ಹೊಟ್ಟೆಯೇ ಒಳಗೆ ಹೋಗಬಹುದು. ಫೈಬರ್‌ಗ್ಲಾಸ್ ಆದರೆ ಬಿರುಕೂ ಬಿಡಬಹುದು. ಸಾಮಾನ್ಯ ಪಟ್ಟಿಯಲ್ಲೇ ಬಿಗಿದು ಬಿಸಿಲಲ್ಲಿ ಬಹಳ ಹೊತ್ತು ನಿಲ್ಲಿಸಿದರೂ ಪ್ಲಾಸ್ಟಿಕ್ ಮೆತ್ತಗಾಗಿ, ಹಳೇ ಅಲ್ಯೂಮಿನಿಯಂ ಪಾತ್ರೆ ಹಾಗೆ ನೆಗ್ಗುತ್ತದೆ. ಗಾಬರಿ ಬೇಡ. ಪಟ್ಟಿ ಬಿಚ್ಚಿ ಬಿಸಿಲಿಗೆ ಇಟ್ಟರೆ ಸಾಮಾನ್ಯವಾಗಿ ತಾನೇ ಉಬ್ಬಿಕೊಳ್ಳುತ್ತದೆ.

ಪಟ್ಟಿಯನ್ನು ಕ್ಯಾರಿಯರ್‌ಗೆ ಮಾತ್ರ ಸುತ್ತಿದರೆ ಸಾಲದು, ಕ್ರಾಸ್‌ಬಾರ್ ಅಡಿಯಿಂದಲೇ ತರಬೇಕು. ಕ್ಯಾರಿಯರ್ ಬೋಲ್ಟ್ ಸಡಿಲವಾದರೂ ಆಗ ಕಯಾಕ್ ಬಾರ್ ಬಿಟ್ಟು ಹೋಗುವುದಿಲ್ಲ. ಗಾಳಿಗೆ ಸಿಗುವ ಕಡೆ ಪಟ್ಟಿಗೆ ಒಂದು ತಿರುವು ಕೊಡಿ. ಇಲ್ಲದಿದ್ದರೆ ಹೆದ್ದಾರಿಯಲ್ಲಿ ಗುಂಯ್ ಅಂತ ಶುರುವಾಗಿ ತಲೆ ತಿನ್ನುತ್ತದೆ. ಕಟ್ಟಿದ ಮೇಲೆ ಕಯಾಕ್ ಹಿಡಿದು ಅಲ್ಲಾಡಿಸಿ. ಜೊತೆಗೆ ಕಾರೇ ಅಲ್ಲಾಡಿದರೆ ಸರಿಯಾಗಿದೆ ಅಂತ.

ಮೂತಿಗೆ, ಬಾಲಕ್ಕೆ ಹಗ್ಗ ಕಟ್ಟುವುದನ್ನು ಬಹಳ ಜನ ಬಿಟ್ಟೇಬಿಡುತ್ತಾರೆ. ಮುಂದೆ ಕಟ್ಟಲು ಜಾಗ ಎಲ್ಲಿ ಅಂತ ಕೇಳಬಹುದು. ಬಾನೆಟ್ ಒಳಗಿನ ಬೋಲ್ಟಿಗೆ ಸಿಕ್ಕಿಸುವ ನೈಲಾನ್ ಕುಣಿಕೆ ಸಿಗುತ್ತದೆ. ಬೇಕಾದಾಗ ಹೊರಗೆಳೆದು ಬಾನೆಟ್ ಮುಚ್ಚಿದರಾಯಿತು. ಮುಂದಿನ ಹಗ್ಗ ಕಣ್ಣೆದುರೇ ಇರುವುದರಿಂದ, ಮೇಲೆ ಏನಾದರೂ ಸರಿದರೆ ಅದು ಸಡಿಲವಾಗಿ ತಕ್ಷಣ ಗೊತ್ತಾಗುತ್ತದೆ. ಇದರ ಬೆಲೆ ತಿಳಿಯಬೇಕೆಂದರೆ ಮ್ಯಾಕಿನಾ ಸೇತುವೆ ದಾಟಬೇಕು. ಲೇಕ್ ಸುಪೀರಿಯರ್ ದಡದ ಪಿಕ್ಚರ್ಡ್ ರಾಕ್ಸ್‌ಗೆ ನಮ್ಮ ಕಡೆಯಿಂದ ದಾರಿ ಅದರ ಮೇಲೇ. ಸುಮಾರು 8 ಕಿ.ಮೀ. ಉದ್ದ, ಒಳಗಿನ ಲೇನ್‌ನಲ್ಲಿ ರಸ್ತೆಯ ಬದಲು ಕಬ್ಬಿಣದ ಜಾಲರಿ, ಅಡ್ಡಗಾಳಿ ಬೇರೆ. ಕಾರು ಓಲಾಡಿತು, ಕಯಾಕ್ ಮೂತಿ ಮಾತ್ರ ಇದ್ದಲ್ಲೇ ಇತ್ತು.

ದೂರುಗಳೂ ಇವೆ. ಖಾಲಿ ಇದ್ದಾಗ ಮಡಚದಿದ್ದರೆ ಗಾಳಿ ಸದ್ದು ಜಾಸ್ತಿ, ಮೈಲೇಜ್ ಕಡಿಮೆ, ನಮ್ಮ ಗ್ಯಾರೇಜ್ ಬಾಗಿಲಿಗೂ ತಾಗುತ್ತದೆ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರಲ್ವಾ, ಅದಕ್ಕೆ ಬೋಲ್ಟ್ ತುಕ್ಕು ಹಿಡಿಯುತ್ತದೆ. ಅಕ್ಟೋಬರ್‌ನಲ್ಲೇ ಬಿಚ್ಚಿ ಒಳಗಿಡುವುದು ಮೇಲು. ಪಟ್ಟಿಗಳು ಬಿಸಿಲಿಗೆ ಬಣ್ಣ ಕಳೆದುಕೊಂಡು ಅಂಚಲ್ಲಿ ನೂಲು ಬಿಟ್ಟವು, ಬೇರೆ ತಂದೆವು. ಫೋಮ್ ಮೆತ್ತೆ ಬಾಗಿದ ಜಾಗದಲ್ಲೇ ಹರಿದು ಕಬ್ಬಿಣ ಕಾಣಿಸಿತು. ಬಿಡಿಯಾಗಿ ಕೊಡಿ ಎಂದರೆ ಕಂಪನಿಯವರು ಹೊಸ ಜೋಡಿ ತಗೊಳ್ಳಿ ಎಂದರು. ನಲ್ಲಿ ಪೈಪಿಗೆ ಹಾಕುವ ಫೋಮ್ ತಂದು ಟೇಪ್ ಸುತ್ತಿದ್ದೇನೆ. ನೋಡಲು ಚೆನ್ನಾಗಿಲ್ಲ, ಕೆಲಸ ಮಾತ್ರ ನಡೆಯುತ್ತಿದೆ.